ರೈಲೋ, ವಿಮಾನವೋ: ಕೊಪ್ಪಳ ಜಿಲ್ಲೆಯ ವರ್ತಕರಿಗೆ ಪ್ರಯಾಣದ ಲೆಕ್ಕಾಚಾರ

ವ್ಯಾಪಾರದಲ್ಲಿ ಸರಕಿನ ಸಾಗಾಣಿಕೆ ವೆಚ್ಚವನ್ನು ಪೈಸೆ ಪೈಸೆಗೂ ಲೆಕ್ಕ ಹಾಕುವ ವರ್ತಕರು ತಮ್ಮ ಸ್ವಂತ ಪ್ರಯಾಣದ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಗಂಗಾವತಿಯ ಅಕ್ಕಿ ಗಿರಣಿ ಮಾಲೀಕರು, ಭಾಗ್ಯನಗರದ ಕೂದಲು ಉದ್ಯಮಿಗಳು, ಕುಷ್ಟಗಿ ಭಾಗದ ಸೀರೆ ನೇಕಾರರು, ಯಲಬುರ್ಗಾದ ಕಾಳುಕಡಿ ವ್ಯಾಪಾರಿಗಳು ಇವರೆಲ್ಲರೂ ವರ್ಷದಲ್ಲಿ ಹಲವು ಬಾರಿ ಬೆಂಗಳೂರಿಗೆ ಹೋಗಿಬರಬೇಕಾಗುತ್ತದೆ. ಒಂದು ಕಾಲಕ್ಕೆ ಈ ಪ್ರಯಾಣಕ್ಕೆ ಬಸ್ಸು ಅಥವಾ ಹಂಪಿ ಎಕ್ಸ್‌ಪ್ರೆಸ್ ಎಂಬೆರಡೇ ಉತ್ತರಗಳಿದ್ದವು. ಇಂದು ವಿಮಾನವೂ ಕೈಗೆಟುಕುವ ದೂರದಲ್ಲಿದೆ. ಆದ್ದರಿಂದ ಯಾವುದು ಲಾಭದಾಯಕವೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿದೆ.

ಬದಲಾದ ಸಂಪರ್ಕ ಚಿತ್ರ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದಾಗ, ಅದರ ನಾಲ್ಕು ತಾಲ್ಲೂಕು ಕೇಂದ್ರಗಳ ಪೈಕಿ ರೈಲು ನಿಲ್ದಾಣವಿದ್ದದ್ದು ಕೊಪ್ಪಳಕ್ಕೆ ಮಾತ್ರ. ಗಿಣಿಗೇರಾದಿಂದ ಕವಲೊಡೆದ ಹೊಸ ಮಾರ್ಗದ ಮೂಲಕ 2019ರಲ್ಲಿ ಗಂಗಾವತಿಗೆ ರೈಲು ಬಂದಿತು. ಅನಂತರ ಅದು ಕಾರಟಗಿಯನ್ನು ದಾಟಿ ಸಿಂಧನೂರಿಗೆ ವಿಸ್ತರಣೆಗೊಂಡಿತು. ಗದಗ–ವಾಡಿ ಯೋಜನೆಯ ತಳಕಲ್–ಕುಷ್ಟಗಿ ಭಾಗ ಸಿದ್ಧಗೊಂಡು, 2025ರ ಮೇ ತಿಂಗಳಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ನೇರ ರೈಲು ಸಂಚಾರ ಆರಂಭವಾಯಿತು.

ಇತ್ತ ವಿಮಾನ ಸೌಲಭ್ಯವೂ ಸಮೀಪಿಸಿದೆ. ಕೊಪ್ಪಳದಿಂದ ಸುಮಾರು 110 ಕಿ.ಮೀ. ದೂರದಲ್ಲಿ ಹುಬ್ಬಳ್ಳಿ ವಿಮಾನ ನಿಲ್ದಾಣವೂ, ಹೊಸಪೇಟೆಯ ಆಚೆ ತೋರಣಗಲ್ಲು ಬಳಿ ವಿದ್ಯಾನಗರ ನಿಲ್ದಾಣವೂ ಇವೆ. ಗಂಗಾವತಿ ಮತ್ತು ಕೊಪ್ಪಳದವರಿಗೆ ವಿದ್ಯಾನಗರವೇ ಹತ್ತಿರ.

ಗಂಟೆಗಳ ನಿಜವಾದ ಲೆಕ್ಕ

ವಿಮಾನ ಪ್ರಯಾಣವೆಂದರೆ ಒಂದು ಗಂಟೆಯೆಂದು ಭಾವಿಸುವುದು ವಾಡಿಕೆ. ಆದರೆ ಲೆಕ್ಕ ಹಾಕಬೇಕಾದದ್ದು ಮನೆಯ ಬಾಗಿಲಿನಿಂದ ಗಿರಾಕಿಯ ಅಂಗಡಿಯ ಬಾಗಿಲಿನವರೆಗೆ. ಕೊಪ್ಪಳದಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆ. ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಸಾಮಾನು ಒಪ್ಪಿಸುವ ಕೌಂಟರ್ ಮುಚ್ಚುವುದರಿಂದ, ಅದಕ್ಕೂ ಮುನ್ನವೇ ಅಲ್ಲಿರಬೇಕು. ಹಾರಾಟಕ್ಕೆ ಒಂದು ಗಂಟೆಗೂ ಮೇಲೆ. 2008ರಿಂದ ಬೆಂಗಳೂರಿನ ವಿಮಾನ ನಿಲ್ದಾಣ ಇರುವುದು ನಗರದಿಂದ ಸುಮಾರು 35 ಕಿ.ಮೀ. ದೂರದ ದೇವನಹಳ್ಳಿಯಲ್ಲಿ. ಸಾಮಾನು ಪಡೆದು, ವಾಹನ ದಟ್ಟಣೆಯನ್ನು ದಾಟಿ ಚಿಕ್ಕಪೇಟೆ ಸೇರಲು ಮತ್ತೆ ಎರಡು ಗಂಟೆ ಬೇಕು. ಒಟ್ಟು ಆರೂವರೆ ಗಂಟೆ. ಇವು ಬಹುತೇಕ ಹಗಲಿನ, ಅಂದರೆ ದುಡಿಮೆಯ ಗಂಟೆಗಳು.

ಹಂಪಿ ಎಕ್ಸ್‌ಪ್ರೆಸ್ ಗುಂತಕಲ್ ಮಾರ್ಗವಾಗಿ ಸುತ್ತಿ ಹೋಗುವುದರಿಂದ ಅದಕ್ಕೆ ಹೆಚ್ಚು ಸಮಯ ಬೇಕಾಗುವುದು ನಿಜ. ಆದರೆ ಅದು ಸಾಗುವುದು ರಾತ್ರಿ. ಅಂಗಡಿ ಮುಚ್ಚಿ ಹೊರಟವರು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಚಿಕ್ಕಪೇಟೆ ಮತ್ತು ಅವೆನ್ಯೂ ರಸ್ತೆ ಅಲ್ಲಿಂದ ಸಮೀಪ, ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡ್ ಹಾಗೂ ಪೀಣ್ಯಕ್ಕೆ ಮೆಟ್ರೋ ಇದೆ. ದಿನವಿಡೀ ವ್ಯವಹಾರ ಮುಗಿಸಿ ಅದೇ ರಾತ್ರಿ ರೈಲು ಹತ್ತಿದರೆ ವಸತಿಗೃಹದ ಬಾಡಿಗೆಯೂ ಉಳಿಯುತ್ತದೆ.

ಉದಾಹರಣೆಗಾಗಿ ಮಾತ್ರ ಒಂದು ಲೆಕ್ಕ ನೋಡೋಣ. ಕಾರು ಬಾಡಿಗೆ ಸೇರಿ ಒಂದು ಕಡೆಯ ವಿಮಾನ ಪ್ರಯಾಣಕ್ಕೆ 6,000 ರೂಪಾಯಿ, ಹವಾನಿಯಂತ್ರಿತ ರೈಲಿಗೆ 1,200 ರೂಪಾಯಿ ಎಂದಿಟ್ಟುಕೊಂಡರೆ ವ್ಯತ್ಯಾಸ 4,800 ರೂಪಾಯಿ. ಈ ಹಣದಿಂದ ದುಡಿಮೆಯ ಸಮಯ ಉಳಿಯುವ ಬದಲು ಅರ್ಧ ದಿನ ಕಳೆಯುತ್ತದೆ. ಹಣವೂ ಹೋಗಿ ಹಗಲೂ ಹೋದಂತಾಯಿತು.

ಒಂದು ರಾತ್ರಿಯ ಸೂತ್ರ

ಇದರಿಂದ ಒಂದು ಸರಳ ಸೂತ್ರ ಹೊರಡುತ್ತದೆ: ಒಂದು ರಾತ್ರಿಯಲ್ಲಿ ತಲುಪಬಹುದಾದ ಊರಿಗೆ ರೈಲು; ಅದಕ್ಕೂ ಮೀರಿದ ಊರಿಗೆ ವಿಮಾನ. ವಾಸ್ಕೊ–ಶಾಲಿಮಾರ್ ಅಮರಾವತಿ ಎಕ್ಸ್‌ಪ್ರೆಸ್ ಕೊಪ್ಪಳ ಮಾರ್ಗವಾಗಿಯೇ ಸಾಗುತ್ತದಾದರೂ, ಕೋಲ್ಕತ್ತಕ್ಕೆ ಒಂದು ದಿನಕ್ಕೂ ಮಿಕ್ಕಿ ಪ್ರಯಾಣಿಸಬೇಕು. ಹೋಗಿಬರುವುದರಲ್ಲಿ ಮೂರು ದಿನ ವ್ಯಾಪಾರ ನಿಂತರೆ ಆಗುವ ನಷ್ಟದ ಮುಂದೆ ವಿಮಾನದ ದರ ದೊಡ್ಡದಲ್ಲ. ದೆಹಲಿಯ ವಿಷಯವೂ ಹೀಗೆಯೇ.

ಇಂತಹ ದೂರದ ಪ್ರಯಾಣಕ್ಕೆ ರಾತ್ರಿ ರೈಲಿನಲ್ಲಿ ಬೆಂಗಳೂರು ತಲುಪಿ, ಅಲ್ಲಿಂದ ವಿಮಾನ ಹಿಡಿಯುವ ಮಿಶ್ರ ಕ್ರಮವೂ ಉಂಟು. ಯಲಹಂಕದಲ್ಲಿಯೇ ಇಳಿದರೆ ದೇವನಹಳ್ಳಿ ಹತ್ತಿರ. ಆದರೆ ರೈಲು ತಡವಾಗಿ ವಿಮಾನ ತಪ್ಪಿದರೆ ನಷ್ಟ ಪ್ರಯಾಣಿಕನದೇ. ನಡುವೆ ನಾಲ್ಕೈದು ಗಂಟೆಗಳ ಅಂತರವಿರಿಸಿಕೊಳ್ಳುವುದು ವಿವೇಕ.

ಮಾದರಿಗಳ ಹೊರೆ, ತೆರಿಗೆಯ ಲಾಭ

ಸೀರೆ ಗಂಟು, ಅಕ್ಕಿ ಮಾದರಿ, ಯಂತ್ರದ ಬಿಡಿಭಾಗ ಒಯ್ಯುವವರು ತೂಕವನ್ನೂ ಗಮನಿಸಬೇಕು. ದೇಶದೊಳಗಿನ ಸಾಮಾನ್ಯ ವಿಮಾನ ಟಿಕೆಟ್‌ಗೆ ಬಹುತೇಕ 15 ಕಿಲೋ ಸಾಮಾನು, 7 ಕಿಲೋ ಕೈಚೀಲದ ಮಿತಿಯಿದೆ. ರೈಲಿನ ಸ್ಲೀಪರ್ ಹಾಗೂ ಮೂರನೆಯ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ 40 ಕಿಲೋ, ಎರಡನೆಯ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ 50 ಕಿಲೋ ಉಚಿತ.

ಹವಾನಿಯಂತ್ರಿತ ರೈಲು ದರ್ಜೆಗೂ, ವಿಮಾನದ ಸಾಮಾನ್ಯ ದರ್ಜೆಗೂ ಶೇಕಡಾ 5ರಷ್ಟು ಜಿ.ಎಸ್.ಟಿ. ಇದೆ. ವ್ಯವಹಾರದ ನಿಮಿತ್ತ ಪ್ರಯಾಣಿಸುವ ನೋಂದಾಯಿತ ವರ್ತಕರು ಟಿಕೆಟ್ ಕಾಯ್ದಿರಿಸುವಾಗಲೇ ತಮ್ಮ ಜಿ.ಎಸ್.ಟಿ. ಸಂಖ್ಯೆಯನ್ನು ನಮೂದಿಸಿದಲ್ಲಿ ಹೂಡುವಳಿ ತೆರಿಗೆ ಜಮೆ ಪಡೆಯಲು ಅವಕಾಶವಿದೆ. ಸ್ಲೀಪರ್ ದರ್ಜೆಗೆ ತೆರಿಗೆಯಿಲ್ಲ, ಜಮೆಯೂ ಇಲ್ಲ.

ಎಚ್ಚರಿಕೆಯ ಮಾತು

ರೈಲಿನ ದೊಡ್ಡ ತೊಡಕು ಸೀಟಿನದು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಅಂತರ್ಜಾಲದಲ್ಲಿ ತೆಗೆದ ಟಿಕೆಟ್ ಪಟ್ಟಿ ಸಿದ್ಧವಾದಾಗಲೂ ಸಂಪೂರ್ಣ ನಿರೀಕ್ಷಣಾ ಪಟ್ಟಿಯಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ. ಹಬ್ಬದ ದಿನಗಳಲ್ಲಿ ಸೀಟು ಸಿಗದೆ, ಮರುದಿನವೇ ಒಪ್ಪಂದಕ್ಕೆ ಸಹಿ ಹಾಕಬೇಕಾದ ಪ್ರಸಂಗ ಬಂದರೆ ವಿಮಾನದ ಖರ್ಚು ದುಂದಲ್ಲ. ಅದು ವ್ಯಾಪಾರ ಉಳಿಸಿಕೊಳ್ಳುವ ಬೆಲೆ.

ಸಣ್ಣ ಊರಿನ ವಿಮಾನ ಸೇವೆಗೂ ಅದರದೇ ಆದ ದೌರ್ಬಲ್ಯವಿದೆ. ಉಡಾನ್ ಯೋಜನೆಯಡಿ 2017ರಲ್ಲಿ ವಿದ್ಯಾನಗರದಿಂದ ಹಾರಾಟ ಆರಂಭಿಸಿದ ಸಂಸ್ಥೆ 2022ರ ವೇಳೆಗೆ ತನ್ನ ಸೇವೆಗಳನ್ನೇ ನಿಲ್ಲಿಸಿತು. ಯೋಜನೆಯ ಸಹಾಯಧನಕ್ಕೆ ಮೂರು ವರ್ಷಗಳ ಮಿತಿಯಿದ್ದು, ಅನಂತರ ಸೀಟುಗಳು ತುಂಬಿದರಷ್ಟೇ ಸೇವೆ ಉಳಿಯುತ್ತದೆ. ಆದ್ದರಿಂದ ಹೊರಡುವ ಮುನ್ನ ಅಂದಿನ ವೇಳಾಪಟ್ಟಿಯನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ವರ್ತಕರು ತಮ್ಮ ಒಂದು ದಿನದ ದುಡಿಮೆಯ ಬೆಲೆಯೆಷ್ಟೆಂದು ಒಮ್ಮೆ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ಆ ಒಂದು ಅಂಕಿ ಎದುರಿಗಿದ್ದರೆ ರೈಲೋ ವಿಮಾನವೋ ಎಂಬ ನಿರ್ಧಾರಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.