ಅಪ್ಪಾ, ಮೈಕು ಕಚ್ಚುತ್ತೆ!

ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ನಮ್ಮ ಕೂಟದ ಮಕ್ಕಳು ಭಾವಗೀತೆ ಹಾಡಿದ್ದೂ, ಜೊತೆಗೆ ಗಿಟಾರ್ ನುಡಿದದ್ದೂ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಗಿಟಾರಿನ ಹಿಂದೆ ಇದ್ದ ಹಳೆಯ ಪೆಟ್ಟಿಗೆ ಯಾವುದು, ಅದರೊಳಗೆ ಕೆಂಪಗೆ ಹೊಳೆಯುತ್ತಿದ್ದದ್ದು ಏನು ಎಂದು ಊಟದ ಸಾಲಿನಲ್ಲಿ ನಾಲ್ಕೈದು ಮಂದಿ ಕೇಳಿದರು. ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಕೊಟ್ಟು ಹೋಳಿಗೆಯ ಕಡೆ ನಡೆದುಬಿಟ್ಟೆ. ಸಂಪಾದಕರು ಮಾತ್ರ ಬಿಡಲಿಲ್ಲ. "ಪೂರ್ತಿ ಉತ್ತರ ಬರೆದು ಕೊಡಿ, ನಾಲ್ಕು ಪುಟ ಖಾಲಿ ಇದೆ" ಎಂದರು. ಆದ್ದರಿಂದ ಈ ಲೇಖನ. ನಾನು ರಸಾಯನಶಾಸ್ತ್ರದವನು, ಎಲೆಕ್ಟ್ರಾನಿಕ್ಸ್ ನನ್ನ ಕಸುಬಲ್ಲ. ನಮ್ಮಲ್ಲಿರುವ ಎಲೆಕ್ಟ್ರಿಕಲ್ ಇಂಜಿನಿಯರ್ ಮಹಾಶಯರು ತಪ್ಪು ಕಂಡರೆ ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ತಿದ್ದಬೇಕು.

ಪೆಟ್ಟಿಗೆ ಬಂದದ್ದು ಪಕ್ಕದ ಮನೆಯಿಂದ. ಅಲ್ಲಿಯ ಯಜಮಾನರಿಗೆ ಎಂಬತ್ತು ದಾಟಿದೆ. ಹರೆಯದಲ್ಲಿ ಮದುವೆಗಳಿಗೆ, ನೃತ್ಯಕೂಟಗಳಿಗೆ ಹೋಗಿ ಗಿಟಾರ್ ನುಡಿಸುತ್ತಿದ್ದರಂತೆ. ನನ್ನ ಮಗಳು ಜಗಲಿಯಲ್ಲಿ ಕೂತು ಅಭ್ಯಾಸ ಮಾಡುವುದನ್ನು ನೋಡಿ, ಒಂದು ಭಾನುವಾರ ತಮ್ಮ ಬೇಸ್‌ಮೆಂಟಿಗೆ ಕರೆದು ಈ ಆಂಪ್ಲಿಫೈಯರನ್ನು ತೋರಿಸಿದರು. "ಗುಂಯ್‌ಗುಡುತ್ತದೆ, ಆದರೆ ಜೀವ ಇದೆ, ತೆಗೆದುಕೊಂಡು ಹೋಗಿ" ಎಂದರು. ದುಡ್ಡು ಮುಟ್ಟಲಿಲ್ಲ. ಸರಿಹೋದ ದಿನ ತಮಗೆ ಒಮ್ಮೆ ಕೇಳಿಸಬೇಕು ಎಂದರು, ಅಷ್ಟೆ.

ಅಂದು ಸಂಜೆಯೇ ಮಗಳು ಗಿಟಾರ್ ಸಿಕ್ಕಿಸಿ, ಮನೆಯಲ್ಲಿದ್ದ ಹೊಸ ಸ್ಪೀಕರ್ ಸೆಟ್ಟಿನ ಮೈಕಿನ ಮುಂದೆ ನಿಂತು ಹಾಡತೊಡಗಿದಳು. ಎರಡು ಸಾಲು ಆಗಿರಬೇಕು. "ಅಪ್ಪಾ, ಮೈಕು ಕಚ್ಚುತ್ತೆ!" ಎಂದಳು. ಹಾಡು ತಪ್ಪಿಸಿಕೊಳ್ಳುವ ನೆಪ ಎಂದು ನಾನು ನಕ್ಕೆ. ಇನ್ನೊಮ್ಮೆ ತುಟಿ ತಾಗಿಸಿ "ಅಯ್ಯೋ" ಎಂದು ಹಿಂದೆ ಸರಿದಾಗ ನನ್ನ ನಗು ನಿಂತಿತು. ಓಡಿಹೋಗಿ ಪ್ಲಗ್ ಕಿತ್ತೆ. ಆ ನಗುವಿಗಾಗಿ ಇಂದಿಗೂ ನಾಚಿಕೆಯಾಗುತ್ತದೆ.

ಕಚ್ಚಿದ್ದು ಏನು?

1960ರ ದಶಕದ ಈ ಪೆಟ್ಟಿಗೆಗೆ ಇದ್ದದ್ದು ಎರಡೇ ಕಡ್ಡಿಯ ಪ್ಲಗ್. ಭೂಸಂಪರ್ಕದ ಮೂರನೆಯ ತಂತಿ ಇಲ್ಲ. ಗುಂಯ್ ಸದ್ದು ಕಡಿಮೆಯಾಗಲೆಂದು ಆ ಕಾಲದ ತಯಾರಕರು ಕರೆಂಟಿನ ಒಂದು ತಂತಿಗೂ ಲೋಹದ ಚಾಸಿಗೂ ನಡುವೆ 0.047 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್ ಹಾಕುತ್ತಿದ್ದರು. ಗಿಟಾರಿನ ತಂತಿಗಳು ಕೇಬಲಿನ ಹೊರ ಹೆಣಿಗೆಯ ಮೂಲಕ ಅದೇ ಚಾಸಿಗೆ ಸೇರಿರುತ್ತವೆ. ಮೈಕಿನ ಲೋಹದ ಬಲೆಯೋ ಹೊಸ ಸೆಟ್ಟಿನ ಮೂಲಕ ಭೂಮಿಗೆ ಸೇರಿದೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ನಡುವೆ ಸೇತುವೆಯಾದವಳು ನನ್ನ ಮಗಳು.

ಲೆಕ್ಕ ಹಾಕಿದೆ. ಇಲ್ಲಿಯ 120 ವೋಲ್ಟ್, 60 ಸೈಕಲ್ ಕರೆಂಟಿಗೆ ಆ ಕೆಪಾಸಿಟರ್ ಬಿಡುವುದು ಸುಮಾರು 2 ಮಿಲಿಆಂಪಿಯರ್. ಚುರುಗುಟ್ಟಲು ಅಷ್ಟು ಸಾಕು, ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಇದು ಕೆಪಾಸಿಟರ್ ಆರೋಗ್ಯವಾಗಿದ್ದಾಗಿನ ಲೆಕ್ಕ. ಅರವತ್ತು ವರ್ಷದ ಆ ಮುದುಕ ಒಳಗೇ ಶಾರ್ಟ್ ಆಗಿ, ಪ್ಲಗ್ ಕೂಡ ತಿರುಗುಮುರುಗಾಗಿ ಕೂತಿದ್ದರೆ 120 ವೋಲ್ಟ್ ಪೂರ್ತಿ ಗಿಟಾರಿನ ತಂತಿಗೇ ಬರುತ್ತದೆ. ರಿಪೇರಿಯವರು ಇದನ್ನು ಡೆತ್ ಕ್ಯಾಪ್ ಎನ್ನುತ್ತಾರೆ. ಬೇರೆ ಕಾರಣಗಳಿಂದಲೂ ವೇದಿಕೆಯಲ್ಲಿ ಇಂಥ ದುರಂತಗಳು ಆಗಿವೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ಮೈಕ್ ಮುಟ್ಟಿದಾಗ ವಿದ್ಯುತ್ ಹೊಡೆದು ತೀರಿಕೊಂಡರು.

ಆದ್ದರಿಂದ ಮೊದಲ ರಿಪೇರಿ ಸದ್ದಿನದಲ್ಲ. ಡೆತ್ ಕ್ಯಾಪ್ ಕತ್ತರಿಸಿ ಎಸೆದೆ. ಮೂರು ಕಡ್ಡಿಯ ಹೊಸ ತಂತಿ ಹಾಕಿದೆ: ಹಸಿರು ಚಾಸಿಗೆ ಗಟ್ಟಿಯಾಗಿ ಬೋಲ್ಟು, ಕಪ್ಪು ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ. ಫ್ಯೂಸ್ ತೆಗೆದು ನೋಡಿದರೆ ಅದಕ್ಕೆ ಯಾರೋ ಪುಣ್ಯಾತ್ಮರು ಬೆಳ್ಳಿ ಕಾಗದ ಸುತ್ತಿದ್ದರು! ಊರಿನಲ್ಲಿ ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುತ್ತಿದ್ದ ನಮ್ಮವರ ನೆನಪಾಯಿತು. ಬುದ್ಧಿಗೆ ದೇಶದ ಗಡಿ ಇಲ್ಲ.

ಕೆರೆ ಮತ್ತು ತೂಬು

ವಾಲ್ವು ಅಂದರೆ ಗಾಳಿ ತೆಗೆದ ಗಾಜಿನ ನಳಿಕೆ. ಒಳಗೆ ಕಾದ ಋಣಾಗ್ರದಿಂದ ಎಲೆಕ್ಟ್ರಾನುಗಳು ಹೊರಟು, ನೂರಾರು ವೋಲ್ಟ್ ಇರುವ ಪ್ಲೇಟಿನ ಕಡೆ ಓಡುತ್ತವೆ. ದಾರಿಯಲ್ಲಿ ಒಂದು ತಂತಿಯ ಬಲೆ, ಅಂದರೆ ಗ್ರಿಡ್. ಇದು ನಮ್ಮ ಕೆರೆಯ ತೂಬಿದ್ದಂತೆ. ತೂಬಿನ ಹಲಗೆಯನ್ನು ಒಬ್ಬ ನೀರುಗಂಟಿ ಸ್ವಲ್ಪ ಎತ್ತಿ ಇಳಿಸಿದರೆ ಕಾಲುವೆಯಲ್ಲಿ ನೀರು ಏರಿ ಇಳಿಯುತ್ತದೆ. ಗಿಟಾರಿನಿಂದ ಬರುವ ವೋಲ್ಟಿನ ಸಣ್ಣ ಭಾಗ ಆ ನೀರುಗಂಟಿ. ಲೀ ಡಿ ಫಾರೆಸ್ಟ್ 1906ರಲ್ಲಿ ಈ ಬಲೆ ಸೇರಿಸಿದ ಮೇಲೇ ವಾಲ್ವು ಸದ್ದು ಹಿಗ್ಗಿಸಲು ಕಲಿತದ್ದು.

ನನ್ನ ವಯಸ್ಸಿನವರು ವಾಲ್ವು ನೋಡಿರುವುದು ಅಪರೂಪ. ನಾನು ನೋಡಿದ್ದು ಅರಸೀಕೆರೆಯ ಅಜ್ಜನ ಮನೆಯ ಅಟ್ಟದಲ್ಲಿ. ಸತ್ತ ರೇಡಿಯೋದ ಬೆನ್ನು ಬಿಚ್ಚಿದರೆ ಗಾಜಿನ ಮೇಲೆ ಬಿ.ಇ.ಎಲ್. ಎಂಬ ಅಕ್ಷರ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಟ್ರಾನ್ಸಿಸ್ಟರ್ ಬಂದು ವಾಲ್ವುಗಳನ್ನು ಎಲ್ಲ ಕಡೆಯಿಂದ ಓಡಿಸಿತು. ಗಿಟಾರಿನವರ ಮನೆಯಿಂದ ಮಾತ್ರ ಓಡಿಸಲಾಗಲಿಲ್ಲ. ಕಾರಣ, ಅತಿಯಾಗಿ ದುಡಿಸಿದಾಗ ವಾಲ್ವಿನ ಸದ್ದು ಥಟ್ಟನೆ ಒಡೆಯದೆ ಮೆಲ್ಲಗೆ ಒರಟಾಗುತ್ತದೆ. ಆ ಒರಟೇ ಅವರಿಗೆ ಬೇಕು. ಇಂದಿಗೂ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ವಾಲ್ವು ತಯಾರಾಗುವುದು ಹೆಚ್ಚಾಗಿ ಈ ಗಿರಾಕಿಗಳಿಂದಲೇ.

ಈ ಪೆಟ್ಟಿಗೆಗಳ ಮೂಲಪುರುಷರಲ್ಲಿ ಒಬ್ಬ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೊ ಫೆಂಡರ್. 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಗಿಟಾರ್ ನುಡಿಸಲು ಕೊನೆಯವರೆಗೂ ಕಲಿಯಲಿಲ್ಲ. 1952ರಲ್ಲಿ ಬೇಸ್ ಗಿಟಾರಿಗೆಂದು ಅವನು ತಂದ ಬಾಸ್‌ಮನ್ ಪೆಟ್ಟಿಗೆಯ ಮುಂದಿನ ಮಾದರಿಯೊಂದನ್ನು ಅನುಸರಿಸಿಯೇ ಲಂಡನ್ನಿನ ಜಿಮ್ ಮಾರ್ಷಲ್ 1962ರಲ್ಲಿ ತನ್ನ ಮೊದಲ ಆಂಪ್ ಮಾಡಿದ್ದು. ನಮ್ಮ ಪೆಟ್ಟಿಗೆಯ ಹೆಸರು ಇಲ್ಲಿ ಬೇಡ. ಆ ಕಾಲದ ಹಲವು ಪೆಟ್ಟಿಗೆಗಳು ಹೊರಗೆ ಹೇಗೇ ಇರಲಿ, ಒಳಗೆ ಹೆಚ್ಚು ಕಡಿಮೆ ಒಂದೇ ಗೋತ್ರ. ಇದು ಒಂದು ವಿಧದಲ್ಲಿ ಅನುಕೂಲ. ಒಂದನ್ನು ಅರ್ಥಮಾಡಿಕೊಂಡರೆ ಹತ್ತು ಅರ್ಥವಾಗುತ್ತವೆ.

ಗುಂಯ್ ಸದ್ದಿನ ಬೇಟೆ

ಪ್ಲಗ್ ಕಿತ್ತ ಮೇಲೂ ಇದರ ದೊಡ್ಡ ಕೆಪಾಸಿಟರುಗಳಲ್ಲಿ 400 ವೋಲ್ಟ್ ಕೂತಿರಬಹುದು. ಇದನ್ನು ಮರೆತವರು ಎರಡನೆಯ ರಿಪೇರಿ ಮಾಡುವುದಿಲ್ಲ. 10 ಕಿಲೋಓಮ್, 5 ವಾಟ್ ರೆಸಿಸ್ಟರನ್ನು ರಬ್ಬರ್ ಹಿಡಿಯ ಕ್ಲಿಪ್ಪಿನಲ್ಲಿ ಹಿಡಿದು ಪ್ರತಿಯೊಂದನ್ನೂ ಚಾಸಿಗೆ ಖಾಲಿಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ಕೈಹಾಕಬೇಕು. ಕರೆಂಟ್ ಇರುವಾಗ ಅಳೆಯುವುದಾದರೆ ಒಂದು ಕೈ ಜೇಬಿನಲ್ಲಿರಬೇಕು. ಸ್ಪೀಕರ್ ಕಳಚಿ ಆಂಪ್ ಓಡಿಸಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಮೊದಲು ಕಣ್ಣಿನ ಪರೀಕ್ಷೆ. ವಾಲ್ವಿನ ನೆತ್ತಿಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣ ಕಾಣುತ್ತದಲ್ಲ, ಅದು ಬೇರಿಯಂ ಲೋಹ. ಒಳಗೆ ಉಳಿದ ಚೂರುಪಾರು ಅನಿಲವನ್ನು ನುಂಗಲೆಂದೇ ಅದನ್ನು ಇಟ್ಟಿರುತ್ತಾರೆ. ಗಾಜು ಬಿರಿದು ಗಾಳಿ ಹೊಕ್ಕರೆ ಬೇರಿಯಂ ಆಕ್ಸೈಡ್ ಆಗಿ ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಒಂದು ಸಣ್ಣ ವಾಲ್ವಿನ ನೆತ್ತಿ ಹೀಗೆ ಬೆಳ್ಳಗಿತ್ತು. ಎರಡನೆಯ ಚಾನಲ್ ಮೂಕವಾಗಿದ್ದುದಕ್ಕೆ ಅದೇ ಕಾರಣ.

ಬಳಿಕ ಸೀರೀಸ್ ಲ್ಯಾಂಪ್. ಊರಿನ ರೇಡಿಯೋ ಅಂಗಡಿಗಳಲ್ಲಿ ಮರದ ಹಲಗೆಯ ಮೇಲೆ ಒಂದು ಬಲ್ಬ್ ಇರುತ್ತಿತ್ತು, ನೆನಪಿದೆಯೇ? ಅದೇ. 100 ವಾಟ್ ಫಿಲಮೆಂಟ್ ಬಲ್ಬಿನ ಮೂಲಕ ಆಂಪಿಗೆ ಕರೆಂಟ್ ಕೊಟ್ಟರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬ್ ಪ್ರಕಾಶವಾಗಿ ಉರಿದು ಆಂಪನ್ನು ಉಳಿಸುತ್ತದೆ; ಶಾರ್ಟ್ ಇಲ್ಲದಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. 2023ರ ಆಗಸ್ಟಿನಿಂದ ಅಮೆರಿಕದಲ್ಲಿ ಸಾಮಾನ್ಯ ಫಿಲಮೆಂಟ್ ಬಲ್ಬುಗಳ ಮಾರಾಟ ನಿಂತಿದೆ. ಅಟ್ಟದ ಡಬ್ಬಿಯಲ್ಲಿ ಒಂದು ಉಳಿದಿತ್ತು, ನನ್ನ ಪುಣ್ಯ. ಬಲ್ಬ್ ಮಂಕಾಯಿತು. ಧೈರ್ಯ ಬಂತು.

ಇನ್ನು ಗುಂಯ್ ಸದ್ದು. ವಾಲ್ಯೂಮ್ ತಿರುಗಿಸಿದರೂ ಅದು ಏರಲಿಲ್ಲ, ಇಳಿಯಲಿಲ್ಲ. ಅಂದರೆ ದೋಷ ವಾಲ್ಯೂಮ್ ಗುಂಡಿಯ ನಂತರ ಎಲ್ಲೋ ಇದೆ. ಸಣ್ಣ ವಾಲ್ವುಗಳನ್ನು ಮೊದಲಿನಿಂದ ಒಂದೊಂದಾಗಿ ತೆಗೆದೆ. ಎಲ್ಲ ತೆಗೆದ ಮೇಲೂ ಸದ್ದು ಹಾಗೇ ಇತ್ತು. ಸದ್ದಿನ ಸ್ಥಾಯಿ 60 ಸೈಕಲ್ ಅಲ್ಲ, 120. ರೆಕ್ಟಿಫೈಯರ್ ಕರೆಂಟನ್ನು ಸೆಕೆಂಡಿಗೆ 120 ಸಲ ಬಿಂದಿಗೆಯಲ್ಲಿ ಸುರಿದಂತೆ ಸುರಿಯುತ್ತದೆ. ಅದನ್ನು ಹಿಡಿದಿಟ್ಟು ಸಮನಾಗಿ ಹರಿಸುವ ಕೆರೆಯೇ ಫಿಲ್ಟರ್ ಕೆಪಾಸಿಟರ್. ಕೆರೆಯಲ್ಲಿ ಹೂಳು ತುಂಬಿದರೆ ಬಿಂದಿಗೆಯ ಸದ್ದು ಕಾಲುವೆಯವರೆಗೂ ಕೇಳುತ್ತದೆ.

ಇಲ್ಲಿ ನನ್ನ ಶಾಸ್ತ್ರ ಕೆಲಸಕ್ಕೆ ಬಂತು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಅಂದರೆ ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ದ್ರಾವಣದಲ್ಲಿ ನೆನೆದ ಕಾಗದ. ಹಾಳೆಯ ಮೇಲಿನ ಅಲ್ಯೂಮಿನಿಯಂ ಆಕ್ಸೈಡ್ ಪದರವೇ ವಿದ್ಯುತ್ತಿಗೆ ತಡೆಗೋಡೆ. 450 ವೋಲ್ಟ್ ತಡೆಯುವ ಆ ಗೋಡೆಯ ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೂ ಕಡಿಮೆ. ವರ್ಷಗಟ್ಟಲೆ ಬಿಸಿಗೆ ದ್ರಾವಣ ಒಣಗುತ್ತದೆ. ಉಪಯೋಗಿಸದೆ ಬಿಟ್ಟರೆ ಪದರವೂ ಸವೆಯುತ್ತದೆ. ನಮ್ಮವು ಬಾಯಲ್ಲಿ ಕಂದು ನೊರೆ ಕಾರಿದ್ದವು. ಎಲ್ಲವನ್ನೂ ತೆಗೆದು ಹೊಸದು ಬೆಸೆದೆ, ಧನ ಋಣ ಎರಡೆರಡು ಸಲ ನೋಡಿಕೊಂಡು. ಗುಂಯ್ ನಿಂತಿತು.

ನಾನು ಮಾಡಿದ ತಪ್ಪು

ಸಂತೋಷ ಹತ್ತೇ ನಿಮಿಷ. ಎರಡು ಔಟ್‌ಪುಟ್ ವಾಲ್ವುಗಳಲ್ಲಿ ಒಂದರ ಪ್ಲೇಟ್ ಒಲೆಯ ಕೆಂಡದಂತೆ ಕೆಂಪಾಗತೊಡಗಿತು. ವಾಲ್ವು ಹಳತು ಎಂದುಕೊಂಡು ಹೊಸ 6 ವಿ 6 ಜೋಡಿ ತರಿಸಿದೆ. ಹೊಸದೂ ಅದೇ ಜಾಗದಲ್ಲಿ ಕೆಂಪಾಯಿತು! ಎರಡನ್ನೂ ಅದಲುಬದಲು ಮಾಡಿದ್ದರೆ ಕಾಸಿಲ್ಲದೆ ತಿಳಿಯುತ್ತಿತ್ತು: ಕೆಂಪು ವಾಲ್ವಿನ ಜೊತೆ ಹೋದರೆ ದೋಷ ವಾಲ್ವಿನದು, ಸಾಕೆಟ್ಟಿನಲ್ಲೇ ಉಳಿದರೆ ದೋಷ ಹಿಂದಿನದು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ದಿನವೂ ಹೇಳುವ ಮಾತು ಮನೆಯ ಬೇಸ್‌ಮೆಂಟಿನಲ್ಲಿ ಮರೆತಿದ್ದೆ.

ಮೀಟರ್ ಹಿಡಿದೆ. ಎರಡು ಗ್ರಿಡ್ಡುಗಳಲ್ಲೂ ಋಣ 35 ವೋಲ್ಟ್ ಇರಬೇಕು. ಒಂದರಲ್ಲಿ ಸರಿಯಿತ್ತು, ಇನ್ನೊಂದರಲ್ಲಿ ಋಣ 13 ಮಾತ್ರ. ಅಂದರೆ ತೂಬು ಪೂರ್ತಿ ಮುಚ್ಚುತ್ತಿಲ್ಲ. ಹಿಂದಿನ ವಾಲ್ವಿನ ಹೆಚ್ಚಿನ ವೋಲ್ಟೇಜನ್ನು ತಡೆದು ಸದ್ದನ್ನು ಮಾತ್ರ ಬಿಡಬೇಕಾದ 0.1 ಮೈಕ್ರೊಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು. ಗ್ರಿಡ್ಡಿನ 220 ಕಿಲೋಓಮ್ ರೆಸಿಸ್ಟರಿನಲ್ಲಿ 22 ವೋಲ್ಟ್ ವ್ಯತ್ಯಾಸ, ಅಂದರೆ ಸೋರಿಕೆ 0.1 ಮಿಲಿಆಂಪಿಯರ್. ಇಷ್ಟು ಸಣ್ಣ ಸೋರಿಕೆ ಇಷ್ಟು ದೊಡ್ಡ ವಾಲ್ವನ್ನು ಕೆಂಡ ಮಾಡಿತ್ತು. ಎರಡು ಡಾಲರಿನೊಳಗಿನ ಹೊಸ ಕೆಪಾಸಿಟರ್ ಹಾಕಿದ ಮೇಲೆ ಎರಡೂ ತಂಪಾದವು. ಉಳಿದ ಚಟಪಟ ಸದ್ದಿಗೆ ಗುಂಡಿಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕಾಯಿತು. 100 ಕಿಲೋಓಮ್ ಇರಬೇಕಾದ ಒಂದು ಇಂಗಾಲದ ರೆಸಿಸ್ಟರ್ ತೇವ ಕುಡಿದು 138 ಆಗಿತ್ತು, ಅದನ್ನೂ ಬದಲಿಸಿದೆ.

ನಮ್ಮ ಕೂಟಕ್ಕೆ ಒಂದು ವಿನಂತಿ

ಈ ಲೇಖನ ಓದಿ ಯಾರೂ ಸ್ಕ್ರೂಡ್ರೈವರ್ ಹಿಡಿದು ಇಂದೇ ಹೊರಡಬೇಡಿ; 400 ವೋಲ್ಟಿನೊಡನೆ ಅಭ್ಯಾಸವಿಲ್ಲದವರು ತಿಳಿದವರ ಪಕ್ಕದಲ್ಲಿ ಕೂತು ಕಲಿಯುವುದು ಮೇಲು. ಆದರೆ ಇಷ್ಟನ್ನು ಎಲ್ಲರೂ ಮಾಡಬಹುದು. ಕಾರ್ಯಕ್ರಮಕ್ಕೆ ತರುವ ಯಾವುದೇ ಆಂಪ್ ಎರಡು ಕಡ್ಡಿಯ ಹಳೆಯ ಪ್ಲಗ್ಗಿನದಾದರೆ ವೇದಿಕೆಗೆ ಹತ್ತಿಸಬೇಡಿ. ಮೂರನೆಯ ಕಡ್ಡಿ ಮುರಿದ ತಂತಿಗಳನ್ನು ಎಸೆಯಿರಿ. ಬಾಡಿಗೆ ಸಭಾಂಗಣದ ಸಾಕೆಟ್ಟುಗಳನ್ನು ಕೆಲವೇ ಡಾಲರಿಗೆ ಸಿಗುವ ಔಟ್‌ಲೆಟ್ ಟೆಸ್ಟರಿನಿಂದ ಮೊದಲೇ ನೋಡಿಕೊಳ್ಳಿ. ಮಗುವೊಂದು ಮೈಕು ಕಚ್ಚುತ್ತೆ ಎಂದರೆ ನಗಬೇಡಿ. ಮೊದಲು ಪ್ಲಗ್ ಕೀಳಿ.

ಯುಗಾದಿಯ ಹಿಂದಿನ ವಾರ ಪಕ್ಕದ ಮನೆಯ ಯಜಮಾನರನ್ನು ಕರೆದೆವು. ಮಗಳು ಹಾಡಿದಳು, ಮೈಕು ಕಚ್ಚಲಿಲ್ಲ. ಆಮೇಲೆ ಅವರು ಗಿಟಾರ್ ಕೇಳಿ ಪಡೆದು, ನಡುಗುವ ಬೆರಳಿನಲ್ಲಿ ಹಳೆಯ ನೃತ್ಯದ ಗತ್ತೊಂದನ್ನು ಅರ್ಧದವರೆಗೆ ನುಡಿಸಿದರು. ಉಳಿದರ್ಧ ಮರೆತಿದೆ ಎಂದರು. ನನ್ನ ಹೆಂಡತಿ ಕಾಫಿ ತಂದಳು. ಅವರು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಬೇಸ್‌ಮೆಂಟಿನಲ್ಲಿ ಇನ್ನೊಂದು ಪೆಟ್ಟಿಗೆ ಇದೆ ಎಂದರು. ಹೆಂಡತಿ ನನ್ನ ಮುಖ ನೋಡಿದಳು. ಅದರ ಕಥೆ ಮುಂದಿನ ಯುಗಾದಿಗೆ.