ಮನೆಯೊಳಗಿನ ಕಾಣದ ಬೇಹುಗಾರರು

ಇಂದಿನ ಗೃಹಗಳಲ್ಲಿ ಫೋನು, ಟೆಲಿವಿಷನ್, ಮಕ್ಕಳ ಪಾಠದ ಕಂಪ್ಯೂಟರು ಇವೆಲ್ಲವೂ ಒಂದೇ ವೈಫೈ ಪೆಟ್ಟಿಗೆಯ ಮೂಲಕ ಹೊರಲೋಕದೊಡನೆ ವ್ಯವಹರಿಸುತ್ತಿರುವುವಷ್ಟೆ. ಬಾಲಕನೊಬ್ಬನು ವ್ಯಾಕರಣದ ಪುಟವೊಂದನ್ನು ತೆರೆದರೆ ಅದರೊಡನೆ ಕರೆಯದ ಅತಿಥಿಗಳೂ ಬರುವರು. ಕೆಲವರು ಜಾಹೀರಾತನ್ನು ತೋರಿಸುವವರು. ಕೆಲವರು ಏನನ್ನೂ ತೋರಿಸದೆ, ಯಾರು ಏನನ್ನು ಎಷ್ಟು ಹೊತ್ತು ನೋಡಿದರೆಂದು ಬರೆದುಕೊಂಡು ಹೋಗುವವರು. ಎರಡನೆಯವರೇ ಹೆಚ್ಚು ಅಪಾಯಕಾರಿಗಳೆಂದು ನಮ್ಮ ಮತ. ಜಾಹೀರಾತು ಕಣ್ಣಿಗಾದರೂ ಬೀಳುತ್ತದೆ.

ಇವರನ್ನು ತಡೆಯಲು ಪ್ರತಿಯೊಂದು ಯಂತ್ರಕ್ಕೂ ಬೇರೆ ಬೇರೆ ಕಾವಲಿಡಬೇಕಾಗಿಲ್ಲ. ಅಂತರ್ಜಾಲದ ಪ್ರತಿ ತಾಣಕ್ಕೂ ನಾವು ಕರೆಯುವ ಹೆಸರೊಂದು, ಯಂತ್ರಗಳು ತಿಳಿಯುವ ಸಂಖ್ಯೆಯೊಂದು ಉಂಟು. ಹೆಸರನ್ನು ಕೊಟ್ಟು ಸಂಖ್ಯೆಯನ್ನು ಪಡೆಯುವ ಏರ್ಪಾಡನ್ನು 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ಎಂಬವರು ರಚಿಸಿದರು. ಅದಕ್ಕೆ ಡಿಎನ್‌ಎಸ್ ಎನ್ನುವರು. (ಶಬ್ದಾರ್ಥಗಳ ಸಂಬಂಧವು ನಿತ್ಯವೆಂದು ವಾದಿಸಿದ ಮೀಮಾಂಸಕರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ! ಇಲ್ಲಿ ಸಂಬಂಧವನ್ನು ಬೇಕಾದಾಗ ಬದಲಾಯಿಸಬಹುದು.) ಬೇಹುಗಾರನ ತಾಣಕ್ಕೆ ಹೋಗಬೇಕಾದರೂ ಮೊದಲು ಅದರ ಸಂಖ್ಯೆಯನ್ನು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರವು ಗೃಹಸ್ಥನ ಕೈಯಲ್ಲಿದ್ದರೆ ಕೆಲಸವಾಯಿತು.

2015ರಲ್ಲಿ ಹೊರಬಂದ ಪೈ-ಹೋಲ್ ಎಂಬ ಉಚಿತ ತಂತ್ರಾಂಶವು ಮಾಡುವುದಿಷ್ಟೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರಿನಲ್ಲಿ ಅದನ್ನು ನೆಲೆಗೊಳಿಸಿ, ಹೆಸರುಗಳನ್ನು ಇದರಲ್ಲಿಯೇ ವಿಚಾರಿಸತಕ್ಕದ್ದೆಂದು ವೈಫೈ ಪೆಟ್ಟಿಗೆಯಲ್ಲಿ ಗೊತ್ತುಮಾಡಬೇಕು. ನಿಷಿದ್ಧ ನಾಮಗಳ ಪಟ್ಟಿಯಲ್ಲಿರುವ ಹೆಸರು ಬಂದರೆ 0.0.0.0 ಎಂಬ, ಎಲ್ಲಿಗೂ ಮುಟ್ಟಿಸದ ಸಂಖ್ಯೆಯನ್ನು ಅದು ಕೊಡುತ್ತದೆ. ಉಳಿದವುಗಳಿಗೆ ಸರಿಯಾದ ಉತ್ತರ.

ಇದು ಸರ್ವರೋಗಕ್ಕೂ ಮದ್ದಲ್ಲ. ಯೂಟ್ಯೂಬಿನ ಚಿತ್ರವೂ ಅದರ ನಡುವಣ ಜಾಹೀರಾತೂ ಒಂದೇ ಬಾಗಿಲಿನಿಂದ ಬರುವುದರಿಂದ ಬೇರ್ಪಡಿಸಲಾಗದು. ಕೆಲವು ಯಂತ್ರಗಳು ಮನೆಯ ಪೆಟ್ಟಿಗೆಯನ್ನು ಲಕ್ಷಿಸದೆ ಹೊರಗಿನವರನ್ನೇ ಕೇಳುವುವು. ಪಟ್ಟಿಯು ಅತಿಯಾದರೆ ಬೇಕಾದ ತಾಣವೂ ನಿಲ್ಲುವುದುಂಟು.

ವಾಚಕರ ಗಮನಕ್ಕೆ ವಿಶೇಷವಾಗಿ ತರಬೇಕಾದ ಸಂಗತಿ ಬೇರೊಂದುಂಟು. ಯಾವ ಯಂತ್ರವು ಯಾವ ಗಳಿಗೆಯಲ್ಲಿ ಯಾವ ಹೆಸರನ್ನು ಕೇಳಿತೆಂಬುದನ್ನು ಪೈ-ಹೋಲ್ ಸಾಮಾನ್ಯವಾಗಿ ಬರೆದಿಡುತ್ತದೆ. ಮಗಳು ರಾತ್ರಿ ಯಾವ ವೈದ್ಯರ ತಾಣಕ್ಕೆ ಹೋದಳು, ಸೊಸೆ ಯಾವ ಉದ್ಯೋಗದ ತಾಣವನ್ನು ನೋಡಿದಳು ಎಂದು ಅದನ್ನು ಓದುತ್ತ ಕುಳಿತ ಯಜಮಾನನು, ತಾನು ಹೊರಗಟ್ಟಿದ ಬೇಹುಗಾರನ ಮಣೆಯ ಮೇಲೆ ತಾನೇ ಕುಳಿತಂತಾಯಿತು. ಈ ಬರವಣಿಗೆಯನ್ನು ನಿಲ್ಲಿಸುವ, ಇಲ್ಲವೆ ಹೆಸರುಗಳನ್ನು ಮರೆಮಾಡುವ ಅನುಕೂಲವು ಅದರ ಆಯ್ಕೆಗಳಲ್ಲಿಯೇ ಉಂಟು. ಸ್ಥಾಪಿಸಿದ ದಿನವೇ ಮನೆಯವರೆಲ್ಲರ ಎದುರಿನಲ್ಲಿ ಅದನ್ನು ನಿಲ್ಲಿಸಿ, ತಡೆಯನ್ನು ತೆಗೆಯುವ ಕ್ರಮವನ್ನೂ ಅವರಿಗೆ ತೋರಿಸಿಕೊಡತಕ್ಕದ್ದು. ನಮ್ಮ ಮನೆಯಲ್ಲಿ ಅದರ ಗುಪ್ತಪದವನ್ನು ಅಡುಗೆಮನೆಯ ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟಿರುವೆವು.