ಮನೆಯಲ್ಲೇ ಗಾಜಿನ ಮಣಿ ಮಾಡಬಹುದಾ? ಕಾಯಿಸೋದು ಸುಲಭ, ತಣಿಸೋದೇ ಕಷ್ಟ

ಶ್ರೀನಿವಾಸಪುರ: ನಮ್ಮ ಬೀದಿಯ ಅಕ್ಕ ಒಬ್ಬರು ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿ ಕೇಳಿದರು, "ಏನಪ್ಪಾ, ಗಾಜಿನ ಮಣಿ ಮನೆಯಲ್ಲೇ ಮಾಡಿ ಮಾರಬಹುದಂತೆ. ಸಂಘದಲ್ಲಿ ಸಾಲ ತಗೊಂಡು ಶುರು ಮಾಡಲಾ? ಕರಿಮಣಿಗೆ ಗಿರಾಕಿ ಯಾವಾಗಲೂ ಇದ್ದೇ ಇರ್ತಾರಲ್ವಾ?"

ಗಿರಾಕಿ ಇರೋದು ನಿಜ. ಕನ್ನಡದವರು ಕರಿಮಣಿ ಅಂದರೂ, ತೆಲುಗು ಮಾತಾಡೋರು ನಲ್ಲಪೂಸಲು ಅಂದರೂ ನಮ್ಮ ತಾಲ್ಲೂಕುಗಳ ಬಳೆ ಅಂಗಡಿಗಳಲ್ಲಿ ಅದು ಮಾರಾಟ ಆಗದ ದಿನ ಇಲ್ಲ. ಆದರೆ ಸಾಲದ ಮಾತು ಬಂದ ಮೇಲೆ ಸುಮ್ಮನೆ ಹೂಂ ಅನ್ನೋಕೆ ಮನಸ್ಸಾಗಲಿಲ್ಲ. ಸಾಮಾನು ತರಿಸಿ ನಾನೇ ಮಾಡಿ ನೋಡಿದೆ.

ಬೇಕಾಗೋದು ಇಷ್ಟು. ಮಣಿಗೆಂದೇ ಮಾರುವ ಗಾಜಿನ ಕಡ್ಡಿ, ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿಯುವಂಥ ಗ್ಯಾಸ್ ಟಾರ್ಚ್, ಸುಮಾರು 2.4 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ. ಈ ಸ್ಟೀಲ್ ಕಡ್ಡಿಯೇ ಮಣಿಯ ತೂತು ಮಾಡೋದು. ಬರೀ ಕಡ್ಡಿಗೆ ಗಾಜು ಸುತ್ತಿದರೆ ಅಂಟಿಕೊಂಡು ಬಿಡುತ್ತೆ, ಆಮೇಲೆ ಒಡೆದೇ ತೆಗೀಬೇಕು. ಅದಕ್ಕೆ ಮೊದಲೇ ಚೀನಾ ಕ್ಲೇ, ಅಲ್ಯೂಮಿನಾ ಬೆರೆಸಿದ ಗಟ್ಟಿ ನೀರಲ್ಲಿ ಕಡ್ಡಿ ಅದ್ದಿ ಒಣಗಿಸಬೇಕು.

ಟಾರ್ಚ್ ಅನ್ನು ಅಡುಗೆ ಮನೆಯ ಸಿಲಿಂಡರ್‌ಗೆ ಸಿಕ್ಕಿಸೋ ಯೋಚನೆ ಬೇಡವೇ ಬೇಡ. 14.2 ಕೆ.ಜಿ. ಸಿಲಿಂಡರ್ ಕೊಡೋದು ಅಡುಗೆಗೆ ಮಾತ್ರ. ಬೇರೆ ಕೆಲಸಕ್ಕೆ ಬಳಸೋದು ಕಾನೂನಿಗೂ ವಿರುದ್ಧ, ಮನೆಗೂ ಅಪಾಯ. ನಾನು ಬಳಸಿದ್ದು ಸಣ್ಣ ಬ್ಯೂಟೇನ್ ಕ್ಯಾನ್. ಅದನ್ನೂ ಓರೆ ಮಾಡಿದರೆ ಬೆಂಕಿ ಭುಗ್ ಅಂತ ಎದ್ದು ಬರುತ್ತೆ. ಕಿಟಕಿ ಬಾಗಿಲು ತೆಗೆದಿಡಿ. ನೈಲಾನ್ ಸೀರೆ, ನೈಟಿ ಹಾಕಿಕೊಂಡು ಕೂರಬೇಡಿ, ಹತ್ತಿ ಬಟ್ಟೆ ಇರಲಿ, ಕೂದಲು ಕಟ್ಟಿಕೊಳ್ಳಿ. ಗಾಜು ಕಾದಾಗ ಕಣ್ಣಿಗೆ ರಾಚೋ ಹಳದಿ ಬೆಳಕು ಬರುತ್ತೆ. ಅದನ್ನು ತಡೆಯೋಕೆ ಡಿಡೀಮಿಯಂ ಕನ್ನಡಕ ಅಂತಲೇ ಇದೆ. ಮಾಮೂಲಿ ಕೂಲಿಂಗ್ ಗ್ಲಾಸ್ ಸಾಲಲ್ಲ.

ಗಾಜಿನ ಕಡ್ಡಿಯನ್ನು ಒಮ್ಮೆಲೇ ಬೆಂಕಿಯ ನಡುವೆ ಹಿಡಿದರೆ ಚಟ್ ಅಂತ ಸಿಡಿಯುತ್ತೆ. ನನ್ನ ಮೊದಲ ಕಡ್ಡಿಯ ತುದಿ ಗೋಡೆಗೆ ಹಾರಿತು, ಅಮ್ಮನ ಬೈಗುಳ ಬೇರೆ. ಬೆಂಕಿಯ ಅಂಚಲ್ಲಿ ಆಡಿಸುತ್ತಾ ನಿಧಾನಕ್ಕೆ ಒಳಗೆ ತರಬೇಕು. ತುದಿ ಜೇನಿನ ಹಾಗೆ ಮೆತ್ತಗಾದಾಗ, ಇನ್ನೊಂದು ಕೈಯಲ್ಲಿ ಕಾಯಿಸಿ ಹಿಡಿದ ಸ್ಟೀಲ್ ಕಡ್ಡಿಗೆ ಮುಟ್ಟಿಸಿ ಸುತ್ತಬೇಕು. ಕಡ್ಡಿ ತಿರುಗುತ್ತಲೇ ಇರಬೇಕು, ನಿಲ್ಲಿಸಿದರೆ ಗಾಜು ಒಂದು ಕಡೆ ಜೋತುಬೀಳುತ್ತೆ. ಇಷ್ಟನ್ನು ಎರಡು ಸಂಜೆಯಲ್ಲಿ ಯಾರು ಬೇಕಾದರೂ ಕಲೀಬಹುದು.

ಆಮೇಲಿನದೇ ತಲೆನೋವು. ಮೊದಲ ದಿನ ಏಳು ಮಣಿ ಮಾಡಿ ತಟ್ಟೆಯಲ್ಲಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ನಾಲ್ಕು ಬಿರುಕು ಬಿಟ್ಟಿದ್ದವು. ಗಾಜಿನ ಹೊರಮೈ ಬೇಗ ತಣಿದು ಗಟ್ಟಿಯಾಗುತ್ತೆ, ಒಳಗಡೆ ಇನ್ನೂ ಬಿಸಿ ಇರುತ್ತೆ. ಒಳಗಿನದು ಆಮೇಲೆ ಕುಗ್ಗೋಕೆ ಹೋದರೆ ಹೊರಗಿನದು ಬಿಡಲ್ಲ. ಆ ಎಳೆದಾಟ ಮಣಿಯೊಳಗೇ ಉಳಿದು, ಆವತ್ತಲ್ಲದಿದ್ದರೆ ತಿಂಗಳು ಬಿಟ್ಟಾದರೂ ಒಡೆಯುತ್ತೆ. ಮಾಲೂರಿನ ಇಟ್ಟಿಗೆ, ಹೆಂಚಿನ ಗೂಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೆಂಕಿ ಆರಿದ ಕೂಡಲೇ ಅವರು ಗೂಡು ಬಿಚ್ಚಲ್ಲ.

ಸರಿಯಾದ ದಾರಿ ಅಂದರೆ ಚಿಕ್ಕ ಕರೆಂಟ್ ಗೂಡು. ಈ ಮೆತ್ತನೆ ಗಾಜಿನ ಮಣಿಗಳನ್ನು ಸುಮಾರು 500ರಿಂದ 520 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, ಗಂಟೆಗಟ್ಟಲೆ ನಿಧಾನವಾಗಿ ಇಳಿಸಬೇಕು. ನನ್ನ ಹತ್ತಿರ ಗೂಡು ಇಲ್ಲ. ನರ್ಸರಿಯವರು ಸಸಿಗೆ ಬಳಸೋ ವರ್ಮಿಕ್ಯುಲೈಟ್ ಅನ್ನು ಪಾತ್ರೆಯಲ್ಲಿ ಬೆಚ್ಚಗೆ ಮಾಡಿ, ಮಣಿಯ ಕೆಂಪು ಹೋದ ಮೇಲೆ ಅದರಲ್ಲಿ ಹೂತಿಟ್ಟೆ. ಸಣ್ಣ ಮಣಿಗೆ ಪರವಾಗಿಲ್ಲ, ದಪ್ಪ ಮಣಿಗೆ ಸಾಲದು. ಪೂರ್ತಿ ತಣಿದ ಮೇಲೆ ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿ. ತೂತಿನ ಮಣ್ಣನ್ನು ನೀರೊಳಗೇ ಉಜ್ಜಿ ತೆಗೀರಿ, ಆ ಪುಡಿ ಉಸಿರಿನ ಜೊತೆ ಒಳಗೆ ಹೋಗಬಾರದು.

ಒಡೆದ ಬಳೆ, ಬಾಟಲಿ ಚೂರು ಕರಗಿಸಿದರೆ ಆಗಲ್ವಾ ಅಂತ ಅಕ್ಕನೂ ಕೇಳಿದರು. ಒಂದೇ ಬಾಟಲಿಯ ಗಾಜಾದರೆ ಸರಿ. ಬೇರೆ ಬೇರೆ ಗಾಜು ಬೆರೆಸಿದರೆ ಒಂದೊಂದು ಒಂದೊಂದು ಅಳತೆಗೆ ಕುಗ್ಗುತ್ತೆ, ಎಷ್ಟು ನಿಧಾನ ತಣಿಸಿದರೂ ಒಡೆಯುತ್ತೆ. ಬಣ್ಣ, ಜರಿ ಬಳಿದ ಬಳೆಯನ್ನಂತೂ ಕಾಯಿಸಬೇಡಿ, ಹೊಗೆ ಒಳ್ಳೇದಲ್ಲ.

ಇನ್ನು ಸಾಲದ ಲೆಕ್ಕ. 24 ಇಂಚಿನ ಸರವನ್ನು 2 ಮಿಲಿಮೀಟರ್ ಮಣಿಯಲ್ಲೇ ಪೂರ್ತಿ ಪೋಣಿಸಿದರೆ ಸುಮಾರು 300 ಮಣಿ ಬೇಕು. ನನಗೆ ಒಂದು ಮಣಿಗೆ ಹತ್ತು ನಿಮಿಷ ಹಿಡಿಯಿತು. ಅಂದರೆ ಒಂದು ಸರಕ್ಕೆ 50 ಗಂಟೆ. ಅಷ್ಟು ಸಣ್ಣ ಮಣಿ ನನ್ನ ಕೈಲಿ ಬರಲೂ ಇಲ್ಲ ಅನ್ನಿ.

ಹಾಗಾದರೆ ಸಣ್ಣ ಮಣಿ ಮಾಡೋದು ಹೇಗೆ? ಉತ್ತರ ದೂರ ಇಲ್ಲ. ಮುಳಬಾಗಿಲು, ನಂಗಲಿ ದಾಟಿ ತಿರುಪತಿ ಕಡೆ ಹೋದರೆ ಏರ್ಪೇಡು ಹತ್ತಿರ ಪಾಪನಾಯುಡುಪೇಟೆ ಅಂತ ಊರಿದೆ. ಅಲ್ಲಿನ ಕುಲುಮೆಗಳು ಮಣಿಗೇ ಹೆಸರಾದವು. ಅವರು ಒಂದೊಂದಾಗಿ ಸುತ್ತಲ್ಲ. 'ಲಾಡಾ' ಅನ್ನೋ ಉದ್ದನೆ ಕಬ್ಬಿಣದ ಕೊಳವೆಗೆ ಕರಗಿದ ಗಾಜಿನ ದೊಡ್ಡ ಮುದ್ದೆ ಮೆತ್ತಿ, ಅದರಿಂದ ದಾರದಂಥ ಗಾಜಿನ ನಳಿಗೆಯನ್ನು ಬಿಡದೆ ಎಳೀತಾರೆ. ನಳಿಗೆಯ ಒಳಗೆ ತೂತು ತಾನಾಗೇ ಉಳಿಯುತ್ತೆ. ಅದನ್ನು ಚೂರು ಚೂರು ಕತ್ತರಿಸಿ, ಬೂದಿ ಬೆರೆಸಿ ಮತ್ತೆ ಕಾಯಿಸಿ ಕಲಕಿದರೆ ಚೂಪು ಅಂಚು ದುಂಡಗಾಗುತ್ತೆ. ಎಳೆದು ಮಾಡಿದ ಇಂಥ ಮಣಿಗಳು ಪುದುಚೇರಿ ಪಕ್ಕದ ಅರಿಕಮೇಡುವಿನಲ್ಲೂ ಸಿಕ್ಕಿವೆ. 1945ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಜಾಗ ಅದು. ಅಮೆರಿಕದ ಮಣಿ ಸಂಶೋಧಕ ಪೀಟರ್ ಫ್ರಾನ್ಸಿಸ್ ಇವಕ್ಕೆ ಇಂಡೋ-ಪೆಸಿಫಿಕ್ ಮಣಿ ಅಂತ ಹೆಸರಿಟ್ಟರು. ಆಫ್ರಿಕಾದಿಂದ ಕೊರಿಯಾವರೆಗೆ ಹೋದ ಸರಕು ಇದು. ಕುಲುಮೆ, ಪಳಗಿದ ಕೈಗಳು, ಈಗಿನ ಕಾಲಕ್ಕೆ ಯಂತ್ರ, ಇವುಗಳ ಜೊತೆ ಮನೆಯ ಟಾರ್ಚ್ ಪೈಪೋಟಿ ಮಾಡೋಕೆ ಆಗಲ್ಲ.

ಟಾರ್ಚ್‌ನಲ್ಲಿ ಆಗೋದು ದೊಡ್ಡ, ಬಿಡಿ ಮಣಿ. ಓಲೆಗೆ ಒಂದು ಜೊತೆ, ಸರದ ನಡುವೆ ಒಂದು. ಅದಕ್ಕೆ ಗೂಡು ಬೇಕೇ ಬೇಕು, ಇಲ್ಲದಿದ್ದರೆ ಗಿರಾಕಿ ಕಿವಿಯಲ್ಲೇ ಒಡೆದು ಅಂಗಡಿಯವರ ಹೆಸರು ಹಾಳಾಗುತ್ತೆ. "ಮೆಷಿನ್‌ಗೆ ದುಡ್ಡು ಕಟ್ಟಿ, ಮಣಿ ನಾವೇ ವಾಪಸ್ ಕೊಳ್ತೀವಿ" ಅಂತ ಯಾರಾದರೂ ಬಂದರೆ, ಗಂಟೆಗೆ ಎಷ್ಟು ಮಣಿ, ಒಡೆದದ್ದು ಯಾರ ಲೆಕ್ಕಕ್ಕೆ ಅಂತ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

ಅಕ್ಕ ಸದ್ಯಕ್ಕೆ ಸಾಲದ ಅರ್ಜಿ ಕೊಟ್ಟಿಲ್ಲ. ಮೊದಲ ದಿನ ಉಳಿದ ಮೂರು ಮಣಿಯನ್ನು ಅವರಿಗೇ ಕೊಟ್ಟಿದ್ದೆ. ಒಂದು ಹೋದ ವಾರ ಒಡೆಯಿತಂತೆ.